ಫೋನಿನ ಬಾಗಿಲು ನಮ್ಮ ಕೈಯಲ್ಲಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ನಿಮ್ಮ ಮುಂದೆ ನಿಂತು ಮಾತನಾಡುವ ಅವಕಾಶ ಸಿಕ್ಕಿದ್ದು ನನ್ನ ಭಾಗ್ಯ. ಇದೇ ಅಂಗಳದಲ್ಲಿ ಪ್ರಾರ್ಥನೆಗೆ ತಡವಾಗಿ ಬಂದು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತವನು ನಾನು. ಇವತ್ತು ಎದುರಿನಲ್ಲಿ ನಿಲ್ಲಿಸಿದ್ದೀರಿ.

ಸಮಿತಿಯವರು ಫೋನ್ ಮಾಡಿ, "ಕಂಪ್ಯೂಟರಿಗೆ ಸಂಬಂಧಪಟ್ಟ ಯಾವುದಾದರೂ ವಿಷಯ ಮಾತನಾಡು" ಎಂದರು. ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತನಾಡೋಣವೆಂದು ಟಿಪ್ಪಣಿಯನ್ನೂ ಮಾಡಿಕೊಂಡಿದ್ದೆ. ಊರಿಗೆ ಬಂದ ರಾತ್ರಿ ಊಟಕ್ಕೆ ಕುಳಿತಾಗ ಆಯಿ ಹೇಳಿದಳು: "ಅದೆಲ್ಲ ಎಂತಕ್ಕೆ ಮಗಾ? ನನಗಾದದ್ದು ಹೇಳು. ನಾಲ್ಕು ಮನೆಯವರಿಗಾದರೂ ಉಪಕಾರ ಆಗ್ತದೆ." ಹಾಗಾಗಿ ಟಿಪ್ಪಣಿ ಮನೆಯಲ್ಲಿಟ್ಟು ಬಂದಿದ್ದೇನೆ. ಆಯಿಯ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇನೆ. ಆಕೆ ಅಲ್ಲಿ ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ.

ಮೊದಲು ಒಂದು ಹಳೆಯ ನೆನಪು. ನಾವು ಹೈಸ್ಕೂಲಿನಲ್ಲಿದ್ದಾಗ ಕಂಪ್ಯೂಟರ್ ಇರುವ ಕೋಣೆಗೆ ಹೋಗಬೇಕಾದರೆ ಚಪ್ಪಲಿಯನ್ನು ಹೊರಗೆ ಬಿಡಬೇಕಿತ್ತು. ಒಳಗೆ ದೂಳು ಹೋಗಬಾರದೆಂದು ಆ ನಿಯಮ. ಆದರೆ ನನ್ನ ಬೆಂಚಿನ ಗೆಳೆಯನೊಬ್ಬ, ಚಪ್ಪಲಿಗೆ ಮೆತ್ತಿದ ಕೆಸರಿನಿಂದಲೇ ಕಂಪ್ಯೂಟರಿಗೆ ವೈರಸ್ ಹತ್ತುತ್ತದೆ ಎಂದು ಹೇಳಿದ್ದ. ನಾನು ಪೂರ್ತಿ ನಂಬಿದ್ದೆ. ಬಿ.ಇ. ಓದಲು ಹೋದ ಮೇಲೆ, ವೈರಸ್ ಎಂದರೆ ಕೆಸರೂ ಅಲ್ಲ, ಹುಳವೂ ಅಲ್ಲ, ನಮ್ಮಂಥದೇ ಒಬ್ಬ ಮನುಷ್ಯ ಕುಳಿತು ಬರೆದ ಪ್ರೋಗ್ರಾಂ ಎಂದು ತಿಳಿಯಿತು. ಹಾಗಿದ್ದರೂ ಆ ಗೆಳೆಯನ ಮಾತಿನಲ್ಲಿ ಸ್ವಲ್ಪ ನಿಜವಿತ್ತು. ವೈರಸ್ ತಾನಾಗಿ ಹುಟ್ಟುವುದಿಲ್ಲ, ಹೊರಗಿನಿಂದ ಬಾಗಿಲು ದಾಟಿಯೇ ಬರಬೇಕು. ಬಹಳ ಸಲ ಆ ಬಾಗಿಲನ್ನು ತೆರೆಯುವವರು ನಾವೇ.

1986ರಲ್ಲಿ ಪಾಕಿಸ್ತಾನದ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ 'ಬ್ರೈನ್' ಎಂಬ ವೈರಸ್ ಫ್ಲಾಪಿ ಡಿಸ್ಕುಗಳ ಮೂಲಕ ಊರೂರು ಸುತ್ತಿತು. ಐಬಿಎಂ ಮಾದರಿಯ ಪಿಸಿಗಳಿಗೆ ಬಂದ ಮೊದಲ ವೈರಸ್ ಎಂದು ಅದನ್ನೇ ಹೇಳುತ್ತಾರೆ. ಮೂರು ವರ್ಷಗಳ ನಂತರ, 1989ರಲ್ಲಿ, ಏಡ್ಸ್ ರೋಗದ ಮಾಹಿತಿ ಇದೆ ಎಂದು ಹೇಳಿ ಸಾವಿರಾರು ಫ್ಲಾಪಿಗಳನ್ನು ಅಂಚೆಯಲ್ಲಿ ಹಲವು ದೇಶಗಳಿಗೆ ಕಳಿಸಿದ ಘಟನೆ ನಡೆಯಿತು. ಅದನ್ನು ಕಂಪ್ಯೂಟರಿಗೆ ಹಾಕಿದವರ ಕಡತಗಳು ಕೆಲವು ದಿನಗಳ ನಂತರ ಕಾಣದಾದವು. ಪರದೆಯ ಮೇಲೆ, ಪನಾಮಾ ದೇಶದ ಒಂದು ಅಂಚೆ ಪೆಟ್ಟಿಗೆಗೆ 189 ಡಾಲರ್ ಕಳಿಸಿ ಎಂಬ ಸೂಚನೆ ಬಂತು. ನಮ್ಮ ವಸ್ತುವಿಗೆ ಅವರು ಬೀಗ ಹಾಕಿ, ಕೀಲಿ ಕೊಡಲು ನಮ್ಮಿಂದಲೇ ಹಣ ಕೇಳುವುದು. ಇದಕ್ಕೆ ಇಂದು ರಾನ್ಸಮ್‌ವೇರ್ ಎನ್ನುತ್ತಾರೆ. ರಾನ್ಸಮ್ ಎಂದರೆ ಒತ್ತೆಹಣ. ಮಕ್ಕಳನ್ನು ಅಪಹರಿಸಿ ಹಣ ಕೇಳುವವರ ಸುದ್ದಿ ಓದಿದ್ದೇವೆ. ಇವರು ಕಡತಗಳನ್ನು ಅಪಹರಿಸುತ್ತಾರೆ.

ನನ್ನ ವಯಸ್ಸಿನವರಿಗೆ ಇನ್ನೊಂದು ವೈರಸ್ ನೆನಪಿರಬೇಕು. ಸೈಬರ್ ಕೆಫೆಯಲ್ಲಿ ಪೆನ್‌ಡ್ರೈವ್ ಹಾಕಿ ಪ್ರಾಜೆಕ್ಟ್ ವರದಿಯ ಪ್ರಿಂಟ್ ತೆಗೆಸಿ ಬರುವಷ್ಟರಲ್ಲಿ ಎಲ್ಲ ಫೋಲ್ಡರುಗಳೂ ಶಾರ್ಟ್‌ಕಟ್ ಆಗಿರುತ್ತಿದ್ದವು. ಅದು ತಲೆನೋವು ಕೊಡುತ್ತಿತ್ತು, ಆದರೆ ಮನೆಯ ಗಂಟಿಗೆ ಕೈ ಹಾಕುತ್ತಿರಲಿಲ್ಲ. ಏಕೆಂದರೆ ಆಗ ನಮ್ಮ ಹಣ ಕಂಪ್ಯೂಟರಿನಲ್ಲಿ ಇರಲಿಲ್ಲ. ಪಾಸ್‌ಬುಕ್ ಕಪಾಟಿನಲ್ಲಿತ್ತು, ಹಣ ಬ್ಯಾಂಕಿನಲ್ಲಿತ್ತು, ತೆಗೆಯಬೇಕಾದರೆ ಕಾರವಾರಕ್ಕೋ ಅಂಕೋಲೆಗೋ ಬಸ್ಸು ಹತ್ತಬೇಕಿತ್ತು. ಈಗ ಕಪಾಟು, ಬ್ಯಾಂಕು, ಬಸ್ಸು ಎಲ್ಲ ಒಂದೇ ಫೋನಿನಲ್ಲಿವೆ. ಇಲ್ಲಿ ಕುಳಿತವರಲ್ಲಿ ಎಷ್ಟೋ ಕುಟುಂಬಗಳು ಸೀಬರ್ಡ್ ಯೋಜನೆಗೆ ಮನೆ, ಗದ್ದೆ, ತೋಟ ಬಿಟ್ಟುಕೊಟ್ಟು ಬಂದಂಥವು. ನೆಲಕ್ಕೆ ಬದಲಾಗಿ ಬಂದದ್ದು ಪರಿಹಾರದ ಹಣ. ಗದ್ದೆಯನ್ನು ಯಾರೂ ರಾತ್ರೋರಾತ್ರಿ ಹೊತ್ತುಕೊಂಡು ಹೋಗಲಾರರು. ಖಾತೆಯಲ್ಲಿರುವ ಹಣವನ್ನು ಹತ್ತು ನಿಮಿಷದಲ್ಲಿ ಒಯ್ಯಬಹುದು. ಅದಕ್ಕೇ ಈ ವಿಷಯ ನಮ್ಮ ಊರಿಗೆ ದೊಡ್ಡದು.

ಈಗ ನಮ್ಮ ಮನೆಯ ಕಥೆ.

ಆಯಿಯ ಸ್ವಸಹಾಯ ಸಂಘಕ್ಕೆ ಒಂದು ವಾಟ್ಸಾಪ್ ಗುಂಪಿದೆ. ಒಂದು ಶುಕ್ರವಾರ ಮಧ್ಯಾಹ್ನ ಆ ಗುಂಪಿಗೆ ಪರಿಚಯದವರೊಬ್ಬರ ನಂಬರಿನಿಂದ ಒಂದು ಕಡತ ಬಂತು. 'ಪಿಎಂ ಕಿಸಾನ್' ಎಂದು ಹೆಸರು, ಕೊನೆಯಲ್ಲಿ 'ಎಪಿಕೆ' ಎಂಬ ಮೂರು ಅಕ್ಷರ. ಇವತ್ತೇ ಕೆವೈಸಿ ಮಾಡದಿದ್ದರೆ ಮುಂದಿನ ಕಂತಿನ 2,000 ರೂಪಾಯಿ ಬರುವುದಿಲ್ಲ ಎಂಬ ಒಕ್ಕಣೆ. ಆಯಿ ಒತ್ತಿದಳು. ಅದು ಆ್ಯಪ್ ಆಗಿ ಕುಳಿತಿತು. ಎಸ್‌ಎಂಎಸ್ ಓದಲು ಅನುಮತಿ ಕೇಳಿತು, ಕೊಟ್ಟಳು. ಹೆಸರು, ಆಧಾರ್ ಸಂಖ್ಯೆ, ಎಟಿಎಂ ಕಾರ್ಡಿನ ಸಂಖ್ಯೆ ಕೇಳಿತು, ತುಂಬಿದಳು. 'ಧನ್ಯವಾದಗಳು' ಎಂದು ತೋರಿಸಿ ಆ್ಯಪ್ ಮಾಯವಾಯಿತು. ಸಂಜೆಯೊಳಗೆ ಮೂರು ಸಲವಾಗಿ ಖಾತೆಯಿಂದ 38,000 ರೂಪಾಯಿ ಹೋಯಿತು. ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು, ರೀಪು ಬದಲಿಸಬೇಕೆಂದು ಕೂಡಿಟ್ಟ ಹಣ ಅದು.

ನನಗೆ ತಿಳಿದದ್ದು ಭಾನುವಾರ ಸಂಜೆ. ಎರಡು ದಿನ ಆಯಿ ಯಾರಿಗೂ ಹೇಳಿರಲಿಲ್ಲ. "ಎಂತಕ್ಕೆ ಹೇಳಲಿಲ್ಲ?" ಎಂದು ಕೇಳಿದೆ. ಆಕೆ ಹೇಳಿದ ಉತ್ತರ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. "ನೀನು ಬೈತೀ ಹೇಳಿ ಹೆದರಿಕೆ ಆಯ್ತು."

ಹಿಂದೆ ಒಂದೆರಡು ಸಲ, ಫೋನಿನಲ್ಲಿ ಏನೋ ಒತ್ತಿದ್ದಕ್ಕೆ, ಸಣ್ಣ ವಿಷಯಕ್ಕೆ, ನಾನು ಆಕೆಯ ಮೇಲೆ ರೇಗಿದ್ದು ನಿಜ.

ಇನ್ನೂ ಒಂದು ಮಾತಿದೆ. ಆಯಿಯ ಫೋನಿನ ಬಾಗಿಲನ್ನು ತೆರೆದಿಟ್ಟವನು ನಾನೇ. ಅದಕ್ಕೂ ಒಂದು ವರ್ಷದ ಹಿಂದೆ ಮನೆಗೊಂದು ಕ್ಯಾಮರಾ ತಂದು ಹಾಕಿದ್ದೆ. ಅದರ ಆ್ಯಪನ್ನು ಪ್ಲೇ ಸ್ಟೋರಿನಿಂದ ಇಳಿಸಿಕೊಳ್ಳಲು ಹೇಳಿಕೊಡುವಷ್ಟು ತಾಳ್ಮೆಯಿಲ್ಲದೆ ವಾಟ್ಸಾಪಿನಲ್ಲಿ ಕಡತ ಕಳಿಸಿ, "ಸೆಟ್ಟಿಂಗಿಗೆ ಹೋಗು, ಅದನ್ನು ಆನ್ ಮಾಡು, ಹೂಂ ಎನ್ನು" ಎಂದು ಬೆಂಗಳೂರಿನಿಂದ ಹೇಳಿದ್ದೆ. ಹೊರಗಿನ ಆ್ಯಪ್‌ಗಳನ್ನು ಒಳಗೆ ಬಿಡಬೇಡ ಎಂದು ಫೋನು ತಾನಾಗಿ ಹಾಕಿಕೊಂಡಿದ್ದ ಅಗಳಿ ಅದು. ನಾನು ತೆಗೆಸಿದೆ, ಮತ್ತೆ ಹಾಕಿಸಲು ಮರೆತೆ. ಸಾಫ್ಟ್‌ವೇರ್ ಇಂಜಿನಿಯರ್ ಮಗ. ಆಫೀಸಿನಲ್ಲಿ ಇದೇ ವಿಷಯಕ್ಕೆ ಬೇರೆಯವರಿಗೆ ಎಚ್ಚರಿಕೆ ಹೇಳುವವನು.

ಆ ಹಣ ತಿರುಗಿ ಬರಲಿಲ್ಲ. ಶುಕ್ರವಾರ ಸಂಜೆಯೇ ದೂರು ಕೊಟ್ಟಿದ್ದರೆ ಬರುತ್ತಿತ್ತೋ ಏನೋ. ಆದರೆ ಮರುದಿನ ನಡೆದದ್ದನ್ನು ಹೇಳಲೇಬೇಕು. ಆ ಆ್ಯಪ್ ಆಯಿಯ ಹೆಸರಿನಲ್ಲಿ ಆಕೆಯ ಪರಿಚಯದವರಿಗೆಲ್ಲ ಅದೇ ಕಡತವನ್ನು ಕಳಿಸಿತ್ತು. ಸೋಮವಾರ ಬೆಳಿಗ್ಗೆ ಆಯಿ ಚಹಾ ಕುಡಿದು ಹೊರಟಳು. ಕೇರಿಯ ಒಂದೊಂದೇ ಮನೆಗೆ ಹೋಗಿ, "ನನ್ನ ನಂಬರಿನಿಂದ ಬಂದದ್ದು ಒತ್ತಬೇಡಿ, ನಾನು ಮೋಸ ಹೋದೆ" ಎಂದು ಹೇಳಿ ಬಂದಳು. ಒಬ್ಬರು ಆಗಲೇ ಒತ್ತಿದ್ದರು, ಆದರೆ ಕಾರ್ಡಿನ ಸಂಖ್ಯೆ ತುಂಬಿರಲಿಲ್ಲ. ಅವರ ಹಣ ಉಳಿಯಿತು. ಯಾವ ಆಂಟಿವೈರಸ್ಸೂ ಆ ದಿನ ನಮ್ಮ ಕೇರಿಯಲ್ಲಿ ಅಷ್ಟು ಕೆಲಸ ಮಾಡುತ್ತಿರಲಿಲ್ಲ.

ಈ ಕಡತ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ. ಎಪಿಕೆ ಎಂದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಕಡತ. ಅದು ಚಿತ್ರವಲ್ಲ, ಕಾಗದವಲ್ಲ. ಒಮ್ಮೆ ಒಳಗೆ ಬಂದು ಎಸ್‌ಎಂಎಸ್ ಓದುವ ಅನುಮತಿ ಪಡೆದರೆ, ಬ್ಯಾಂಕಿನ ಹಳೆಯ ಸಂದೇಶಗಳಿಂದ ನಿಮ್ಮ ಖಾತೆ ಯಾವ ಬ್ಯಾಂಕಿನಲ್ಲಿದೆ, ಎಷ್ಟು ಹಣವಿದೆ ಎಂದು ಕಳ್ಳನಿಗೆ ತಿಳಿಯುತ್ತದೆ. ಹೊಸದಾಗಿ ಬರುವ ಒಟಿಪಿ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಅವನಿಗೆ ಹೋಗುತ್ತದೆ. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ಹೇಳುತ್ತಾರೆ. ಆಯಿ ಯಾರಿಗೂ ಹೇಳಿರಲಿಲ್ಲ. ಫೋನೇ ಹೇಳಿತು.

ಹೆಸರು ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಮದುವೆಯ ಸುಗ್ಗಿಯಲ್ಲಿ 'ಲಗ್ನಪತ್ರಿಕೆ'. ಬೈಕ್ ಇದ್ದವರಿಗೆ 'ಆರ್‌ಟಿಒ ಚಲನ್'. ಖಾತೆ ಇದ್ದವರಿಗೆ 'ಬ್ಯಾಂಕ್ ರಿವಾರ್ಡ್'. ನಿಮ್ಮ ನೆಂಟರು ಕಳಿಸುವ ಲಗ್ನಪತ್ರಿಕೆ ಫೋಟೋ ಆಗಿರುತ್ತದೆ, ಪಿಡಿಎಫ್ ಆಗಿರುತ್ತದೆ, ಇಲ್ಲವೇ ವಿಡಿಯೋ. ಅದನ್ನು ನೋಡಲು ಏನನ್ನೂ 'ಇನ್‌ಸ್ಟಾಲ್' ಮಾಡಬೇಕಾಗಿಲ್ಲ. ಇನ್‌ಸ್ಟಾಲ್ ಎಂಬ ಪದ ಕಂಡ ಕೂಡಲೇ ಕೈ ಹಿಂದೆ ತೆಗೆಯಿರಿ. ಕಳಿಸಿದವರು ಪರಿಚಯದವರೇ ಆಗಿದ್ದರೂ ಸರಿ. ಆಯಿಗೆ ಬಂದದ್ದೂ ಪರಿಚಯದವರ ನಂಬರಿನಿಂದಲೇ, ಆಯಿಯಿಂದ ಹೋದದ್ದೂ ಪರಿಚಯದವರಿಗೇ. ಅನುಮಾನ ಬಂದರೆ ಒಂದು ಕರೆ ಮಾಡಿ, "ನೀವು ಕಳಿಸಿದ್ದು ಹೌದೋ?" ಎಂದು ಕೇಳಿ.

ವಿದ್ಯಾರ್ಥಿಗಳೇ, ನಿಮಗೂ ಇಲ್ಲೊಂದು ಮಾತು. ದುಡ್ಡು ಕೊಟ್ಟು ಆಡುವ ಆಟವನ್ನು ಪುಕ್ಕಟೆ ಕೊಡುವ ಎಪಿಕೆ, ಕ್ರಿಕೆಟ್ ಪಂದ್ಯವನ್ನು ಪುಕ್ಕಟೆ ತೋರಿಸುವ ಎಪಿಕೆ, ಜಿಬಿ ವಾಟ್ಸಾಪ್ ಎಂಬ ನಕಲಿ ವಾಟ್ಸಾಪ್, ಇವುಗಳನ್ನು ಮನೆಯ ಫೋನಿಗೆ ಹಾಕುವವರು ಹೆಚ್ಚಾಗಿ ನೀವೇ. ಆ ಫೋನಿನಲ್ಲಿ ಅಪ್ಪನ ಮೀನಿನ ವ್ಯಾಪಾರದ ಹಣ ಇರುತ್ತದೆ ಎಂಬುದನ್ನು ನೆನಪಿಡಿ.

ಅಗಳಿ ಹಾಕುವುದು ಹೇಗೆ ಎಂದು ಹೇಳುತ್ತೇನೆ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಮೇಲಿನ ಹುಡುಕುವ ಜಾಗದಲ್ಲಿ 'ಅನ್‌ನೋನ್ ಆ್ಯಪ್ಸ್' ಎಂದು ಬರೆಯಿರಿ. ವಾಟ್ಸಾಪ್, ಕ್ರೋಮ್, ಫೈಲ್ ಮ್ಯಾನೇಜರ್ ಎಂದು ಒಂದು ಪಟ್ಟಿ ಬರುತ್ತದೆ. ಎಲ್ಲದರ ಎದುರೂ ಅನುಮತಿ ಇಲ್ಲ ಎಂದಿರಬೇಕು. ಪ್ಲೇ ಸ್ಟೋರಿನಲ್ಲಿ 'ಪ್ಲೇ ಪ್ರೊಟೆಕ್ಟ್' ಎಂಬ ಪಹರೆ ಇದೆ, ಅದು ಚಾಲೂ ಇರಲಿ. ವಾಟ್ಸಾಪಿಗೆ ಎರಡು ಹಂತದ ಪಿನ್ ಹಾಕಿ. ಫೋನು 'ಅಪ್‌ಡೇಟ್' ಕೇಳಿದಾಗ ನಾಳೆ, ನಾಳಿದ್ದು ಎಂದು ಮುಂದೂಡಬೇಡಿ. ಒಂದು ಆ್ಯಪ್ ತನ್ನ ಕೆಲಸಕ್ಕೆ ಬೇಡದ ಅನುಮತಿ ಕೇಳಿದರೆ ಕೊಡಬೇಡಿ. ಟಾರ್ಚ್ ಹಚ್ಚುವ ಆ್ಯಪ್‌ಗೆ ನಿಮ್ಮ ಎಸ್‌ಎಂಎಸ್ ಎಂತಕ್ಕೆ ಬೇಕು?

ಅಪ್‌ಡೇಟ್ ಎಂಬ ಮಾತಿನ ಬೆಲೆ ಏನೆಂದು ಜಗತ್ತಿಗೆ ತಿಳಿದದ್ದು 2017ರ ಮೇ 12ರಂದು. ಆ ಶುಕ್ರವಾರ 'ವಾನ್ನಾಕ್ರೈ' ಎಂಬ ರಾನ್ಸಮ್‌ವೇರ್ 150ಕ್ಕೂ ಹೆಚ್ಚು ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಹಬ್ಬಿತು. ಕಡತಗಳಿಗೆ ಬೀಗ ಹಾಕಿ 300 ಡಾಲರ್ ಕೇಳಿತು, ಮೂರು ದಿನದಲ್ಲಿ ಕೊಡದಿದ್ದರೆ 600 ಎಂದಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಅದು ದೂರದ ಸುದ್ದಿ ಎಂದು ನಾವು ಅಂದುಕೊಳ್ಳುವಷ್ಟರಲ್ಲಿ, ನಮ್ಮ ಕೊಡಗು, ಮೈಸೂರು ಜಿಲ್ಲೆಗಳಿಗೆ ತಾಗಿರುವ ಕೇರಳದ ವಯನಾಡಿನಲ್ಲಿ ತರಿಯೋಡು ಎಂಬ ಗ್ರಾಮ ಪಂಚಾಯಿತಿಯ ಕಂಪ್ಯೂಟರುಗಳಲ್ಲೂ ಅದೇ ಕೆಂಪು ಪರದೆ ಕಂಡಿತು. ಗ್ರಾಮ ಪಂಚಾಯಿತಿ ಎಂದರೆ ನಮ್ಮ ತೋಡೂರಿನದರಂಥದೇ ಕಚೇರಿ. ಆ ವೈರಸ್ಸಿಗೆ ಅಮೆರಿಕ, ಕೇರಳ ಎಂಬ ಭೇದವಿಲ್ಲ. ತೆರೆದ ಬಾಗಿಲು ಸಿಕ್ಕರೆ ಸಾಕು.

ಗಮನಿಸಬೇಕಾದ ಸಂಗತಿ ಎಂದರೆ, ಆ ಬಾಗಿಲನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಎರಡು ತಿಂಗಳು ಸಮಯವಿತ್ತು. ಹಾಕಿಕೊಂಡವರು ಉಳಿದರು. ಹಾಗೆಯೇ ವಿಂಡೋಸ್ 10ಕ್ಕೆ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಗಡಿಯಲ್ಲಿ, ಕಚೇರಿಯಲ್ಲಿ ಇನ್ನೂ ಅದನ್ನೇ ಇಟ್ಟುಕೊಂಡವರು ವಿಚಾರ ಮಾಡಬೇಕು. ಫೋಟೋ ಸ್ಟುಡಿಯೋ, ಝೆರಾಕ್ಸ್ ಅಂಗಡಿ ನಡೆಸುವ ಗೆಳೆಯರು 'ಕ್ರ್ಯಾಕ್' ಮಾಡಿದ ಸಾಫ್ಟ್‌ವೇರ್ ಹಾಕುವುದನ್ನು ನೋಡಿದ್ದೇನೆ. ಅದನ್ನು ಹಾಕುವಾಗ ಮೊದಲ ಸೂಚನೆಯೇ "ಆಂಟಿವೈರಸ್ ಬಂದ್ ಮಾಡಿ" ಎಂದಿರುತ್ತದೆ. ಮನೆಯ ನಾಯಿಯನ್ನು ಕಟ್ಟಿಹಾಕಿ ಎಂದು ಹೇಳಿ ಒಳಗೆ ಬರುವವನು ನೆಂಟನಾಗಿರಲಾರ. ವಿಂಡೋಸ್ ಜೊತೆಗೆ ಬರುವ 'ಡಿಫೆಂಡರ್' ಪುಕ್ಕಟೆಯಾಗಿಯೇ ಸಿಗುತ್ತದೆ, ಅದನ್ನು ಚಾಲೂ ಇಟ್ಟರೆ ಸಾಮಾನ್ಯ ಬಳಕೆಗೆ ಸಾಕು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಆರಂಭಿಸಿದ 'ಸೈಬರ್ ಸ್ವಚ್ಛತಾ ಕೇಂದ್ರ'ದ ಜಾಲತಾಣದಲ್ಲೂ ವೈರಸ್ ತೆಗೆಯುವ ಪುಕ್ಕಟೆ ಸಾಧನಗಳಿವೆ.

ಎಷ್ಟೇ ಎಚ್ಚರ ವಹಿಸಿದರೂ ಒಂದು ದಿನ ಬಾಗಿಲು ಮುರಿಯಬಹುದು. 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ದಾಳಿಯಾಗಿ, ಸುಮಾರು ಎರಡು ವಾರ ಚೀಟಿ, ವರದಿ ಎಲ್ಲವನ್ನೂ ಕೈಯಲ್ಲಿ ಬರೆಯಬೇಕಾಯಿತು. 2024ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಂಸ್ಥೆಯೊಂದಕ್ಕೆ ರಾನ್ಸಮ್‌ವೇರ್ ತಗುಲಿತು. ಅದು ಹರಡದಿರಲೆಂದು, ಆ ಸಂಸ್ಥೆಯನ್ನು ನೆಚ್ಚಿದ್ದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಯುಪಿಐ ಮೊದಲಾದ ಪಾವತಿ ಸೇವೆಗಳನ್ನು ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. ಅಷ್ಟು ದೊಡ್ಡವರಿಗೇ ಆಗುವಾಗ ನಮಗೆ ಆಗುವುದಿಲ್ಲ ಎನ್ನುವಂತಿಲ್ಲ. ಅದಕ್ಕಾಗಿ ಎರಡನೇ ಪ್ರತಿ ಬೇಕು.

ಇದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಾಗಿಲ್ಲ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಬಿದ್ದಿತು. ಒಂದು ಲಾರಿ ನದಿಗೆ ಬಿತ್ತು, ಚಾಲಕ ಬದುಕಿ ಬಂದ. ಆದರೂ ಕಾರವಾರಕ್ಕೂ ಸದಾಶಿವಗಡಕ್ಕೂ, ಗೋವಾಕ್ಕೂ ಸಂಪರ್ಕ ಪೂರ್ತಿ ಕಡಿಯಲಿಲ್ಲ. ಏಕೆಂದರೆ ಪಕ್ಕದಲ್ಲಿ ಹೊಸ ಸೇತುವೆ ಇತ್ತು, ಅದು ಬೇರೆಯದೇ ಕಂಬಗಳ ಮೇಲೆ ನಿಂತಿತ್ತು. ಎರಡೂ ಒಂದೇ ಕಂಬದ ಮೇಲಿದ್ದಿದ್ದರೆ ಎರಡೂ ಹೋಗುತ್ತಿದ್ದವು. ಕಡತಗಳ ಪ್ರತಿಯೂ ಹೀಗೆಯೇ. ಕಂಪ್ಯೂಟರಿಗೆ ಸದಾ ಚುಚ್ಚಿಯೇ ಇಟ್ಟ ಹಾರ್ಡ್‌ಡಿಸ್ಕಿನಲ್ಲಿ ಪ್ರತಿ ಇದ್ದರೆ ರಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ವಾರಕ್ಕೊಮ್ಮೆ ಚುಚ್ಚಿ, ಪ್ರತಿ ತೆಗೆದು, ಕಿತ್ತು, ಕಪಾಟಿನಲ್ಲಿಡಿ. ಇನ್ನೊಂದು ಪ್ರತಿ ಬೇರೆ ಊರಿನಲ್ಲಿರುವ ಮಗನ ಮನೆಯಲ್ಲೋ, ಗೂಗಲ್ ಡ್ರೈವಿನಂಥ ಜಾಗದಲ್ಲೋ ಇರಲಿ. 2019ರ ಆಗಸ್ಟಿನಲ್ಲಿ ಗಂಗಾವಳಿ, ಕಾಳಿ ಎರಡೂ ಉಕ್ಕಿ ಮನೆಗಳಿಗೆ ನುಗ್ಗಿದಾಗ ಪಹಣಿ, ಮಾರ್ಕ್ಸ್ ಕಾರ್ಡ್, ಮದುವೆಯ ಆಲ್ಬಮ್ ಎಲ್ಲ ನೀರುಪಾಲಾದವರು ನಮ್ಮಲ್ಲಿದ್ದಾರೆ. ಒಂದೇ ಮನೆಯಲ್ಲಿರುವ ಎರಡು ಪ್ರತಿ ಅಂಥ ಹೊತ್ತಿಗೆ ಒಂದೇ ಪ್ರತಿ ಇದ್ದ ಹಾಗೆ.

ನಮ್ಮ ಶಾಲೆಯ ದಾಖಲೆಗಳು, ಸಂಘ-ಸಂಸ್ಥೆಗಳ ಲೆಕ್ಕಪತ್ರ, ದೇವಸ್ಥಾನದ ಹಣಕಾಸು ಇವೆಲ್ಲ ಈಗ ಕಂಪ್ಯೂಟರಿನಲ್ಲಿವೆ. ನೋಡಿಕೊಳ್ಳುವವರು ದಯವಿಟ್ಟು ಇದನ್ನು ಅಭ್ಯಾಸ ಮಾಡಿಕೊಳ್ಳಿ. ಪ್ರತಿ ಇದ್ದರೆ ಒತ್ತೆಹಣ ಕೇಳುವವನಿಗೆ ಉತ್ತರ ಕೊಡುವ ಅಗತ್ಯವೇ ಬೀಳುವುದಿಲ್ಲ. ಪ್ರತಿ ಇಲ್ಲದಿದ್ದರೂ ಹಣ ಕೊಡಲು ಅವಸರ ಮಾಡಬೇಡಿ. ಕೊಟ್ಟ ಮೇಲೂ ಕೀಲಿ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಯುರೋಪಿನ ಪೊಲೀಸರು ಮತ್ತು ಕೆಲವು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಆರಂಭಿಸಿದ 'ನೋ ಮೋರ್ ರಾನ್ಸಮ್' ಎಂಬ ಜಾಲತಾಣದಲ್ಲಿ ಹಲವು ಹಳೆಯ ರಾನ್ಸಮ್‌ವೇರ್‌ಗಳ ಕೀಲಿಗಳನ್ನು ಪುಕ್ಕಟೆ ಇಟ್ಟಿದ್ದಾರೆ. ಮೊದಲು ಅಲ್ಲಿ ನೋಡಿ.

ಈಗ ಕೊನೆಯ ವಿಷಯ. ಆಗಬಾರದ್ದು ಆದರೆ ಏನು ಮಾಡಬೇಕು?

ಫೋನಿಗೆ ಇಂಥ ಆ್ಯಪ್ ಬಂದಿದೆ ಎಂದು ಅನುಮಾನ ಬಂದ ಕೂಡಲೇ ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಬಂದ್ ಮಾಡಿ. ಆಗ ಕಳ್ಳನಿಗೆ ಒಟಿಪಿ ಹೋಗುವುದು ನಿಲ್ಲುತ್ತದೆ. ಪಕ್ಕದವರ ಫೋನಿನಿಂದ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ನಮ್ಮ ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. ಯಾರಾದರೂ ಅದನ್ನು ಎಟಿಎಂನಿಂದ ತೆಗೆಯುವ ಮೊದಲು ಸುದ್ದಿ ಮುಟ್ಟಿದರೆ ದಾರಿಯಲ್ಲೇ ತಡೆಹಿಡಿಯಲು ಸಾಧ್ಯ. ಅದೇ ಹೊತ್ತಿಗೆ ಬ್ಯಾಂಕಿಗೆ ಹೇಳಿ ಕಾರ್ಡ್, ಯುಪಿಐ ಬಂದ್ ಮಾಡಿಸಿ. ಬ್ಯಾಂಕಿನ ನಂಬರನ್ನು ಪಾಸ್‌ಬುಕ್ಕಿನಿಂದಲೋ ಎಟಿಎಂ ಕಾರ್ಡಿನ ಹಿಂಬದಿಯಿಂದಲೋ ತೆಗೆದುಕೊಳ್ಳಿ, ಗೂಗಲಿನಲ್ಲಿ ಹುಡುಕಬೇಡಿ. ಅಲ್ಲಿಯೂ ಕಳ್ಳರ ನಂಬರುಗಳಿರುತ್ತವೆ. ನಂತರ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬಲ್ಲಿ ದೂರು ದಾಖಲಿಸಿ. ದೇಶದ ಮೊದಲ ಸೈಬರ್ ಪೊಲೀಸ್ ಠಾಣೆ 2001ರಲ್ಲಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲೇ. ಈಗ ಜಿಲ್ಲೆಗಳಲ್ಲಿ ಸಿಇಎನ್ ಠಾಣೆಗಳಿವೆ, ನಮ್ಮ ಜಿಲ್ಲೆಯದು ಕಾರವಾರದಲ್ಲಿದೆ. ಬಂದ ಸಂದೇಶ, ಕಡತ, ಹಣ ಹೋದ ಎಸ್‌ಎಂಎಸ್ ಯಾವುದನ್ನೂ ಅಳಿಸಬೇಡಿ. ಅವೇ ಸಾಕ್ಷಿ. ದೂರು ದಾಖಲಾದ ಮೇಲೆ ತಿಳಿದವರಿಂದ ಫೋನನ್ನು ಪೂರ್ತಿ ರಿಸೆಟ್ ಮಾಡಿಸಿ, ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ. ಕಂಪ್ಯೂಟರ್ ಆಗಿದ್ದರೆ ಮೊದಲು ಇಂಟರ್‌ನೆಟ್ ತಂತಿ ಕಿತ್ತು, ಬೇರೆ ಕಂಪ್ಯೂಟರುಗಳಿಂದ ದೂರ ಮಾಡಿ.

ಬೇಗ ಹೇಳುವುದರಿಂದ ಇನ್ನೊಂದು ಲಾಭವಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರ ಅಜಾಗರೂಕತೆಯಿಂದಲೇ ಹಣ ಹೋಗಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕು. ತಿಳಿಸದೆ ಸುಮ್ಮನಿದ್ದಷ್ಟು ಹೊತ್ತಿನ ನಷ್ಟ ನಮ್ಮ ತಲೆಯ ಮೇಲೆ.

ಹಾಗಾದರೆ ಜನ ಸುಮ್ಮನಿರುವುದು ಎಂತಕ್ಕೆ? ಗೊತ್ತಿಲ್ಲದೆ ಅಲ್ಲ, ನಾಚಿಕೆಯಿಂದ. ಮಗ ಬೈಯುತ್ತಾನೆ, ಸೊಸೆ ನಗುತ್ತಾಳೆ, ಕೇರಿಯವರು ಆಡಿಕೊಳ್ಳುತ್ತಾರೆ ಎಂಬ ಹೆದರಿಕೆಯಿಂದ. ಕಳ್ಳನಿಗೆ ಬೇಕಾದದ್ದು ಅದೇ ಎರಡು ದಿನ. ನಮ್ಮ ಮನೆಯಲ್ಲಿ ಆ ಎರಡು ದಿನವನ್ನು ಅವನಿಗೆ ಕೊಟ್ಟದ್ದು ನನ್ನ ಸಿಟ್ಟು. ಇದನ್ನು ಇಷ್ಟು ಜನರ ಮುಂದೆ ಹೇಳಿಕೊಳ್ಳಲು ನನಗೂ ನಾಚಿಕೆಯಾಗುತ್ತದೆ. ಆದರೆ ಮೂರನೇ ಸಾಲಿನಲ್ಲಿ ಕುಳಿತವಳು ಮನೆಮನೆಗೆ ಹೋಗಿ ಹೇಳಿ ಬಂದಿದ್ದಾಳೆ. ನಾನು ಹಿಂಜರಿಯುವ ಹಾಗಿಲ್ಲ.

ಬೆಂಗಳೂರು, ಪುಣೆ, ಗೋವಾಗಳಿಂದ ಬಂದಿರುವ ನನ್ನ ಸಹಪಾಠಿಗಳಿಗೆ ಒಂದು ವಿನಂತಿ. ಹಬ್ಬಕ್ಕೆ ಊರಿಗೆ ಬಂದಾಗ ತಂದೆತಾಯಿಯ ಫೋನನ್ನು ಹತ್ತು ನಿಮಿಷ ಕೈಗೆ ತೆಗೆದುಕೊಳ್ಳಿ. ಅಗಳಿ ಹಾಕಿದೆಯೇ ನೋಡಿ, ಬೇಡದ ಆ್ಯಪ್ ತೆಗೆಯಿರಿ, 1930 ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ. ಅದಕ್ಕಿಂತ ಮುಖ್ಯವಾಗಿ, "ಏನಾದರೂ ತಪ್ಪು ಒತ್ತಿದರೆ ಆ ಕ್ಷಣವೇ ನನಗೆ ಫೋನ್ ಮಾಡು, ನಾನು ಬೈಯುವುದಿಲ್ಲ" ಎಂದು ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ. ವಿದ್ಯಾರ್ಥಿಗಳೇ, ಮನೆಯಲ್ಲಿ ದಿನವೂ ಇರುವವರು ನೀವು. ಅಜ್ಜಿ ಫೋನು ಹಿಡಿದು "ಇದೆಂಥದು ನೋಡು" ಎಂದರೆ ಆಟ ನಿಲ್ಲಿಸಿ ನೋಡಿ.

ಇವತ್ತು ಮಧ್ಯಾಹ್ನ ಊಟವಾದ ಮೇಲೆ ನಾನು ಮತ್ತು ನನ್ನ ತಂಡದ ಮೂವರು ಗೆಳೆಯರು ಒಂಬತ್ತನೇ ತರಗತಿಯ ಕೋಣೆಯಲ್ಲಿ ಕುಳಿತಿರುತ್ತೇವೆ. ನಿಮ್ಮ ಫೋನು ತನ್ನಿ, ಅಗಳಿ ಹಾಕಿಕೊಡುತ್ತೇವೆ. ಪಾಸ್‌ವರ್ಡ್, ಪಿನ್ ನಮಗೂ ಹೇಳಬೇಡಿ, ನೀವೇ ಒತ್ತಿ. ಚಪ್ಪಲಿ ಹೊರಗೆ ಬಿಡಬೇಕೆಂದಿಲ್ಲ.